ಕೌನ್ಸಿಲ್ ಪುಸ್ತಕದಲ್ಲಿ ನನ್ನ ಮನೆ ವಿಳಾಸ: ಅಳಿಸಿ ಎಂದು ಕೇಳಬಹುದೇ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವಳು. ಡಿ.ಫಾರ್ಮ್ ಮುಗಿಸಿ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡಿದ್ದೇನೆ. ಈಗ ಗಂಗಾವತಿಯ ಮೆಡಿಕಲ್ ಶಾಪ್ ಒಂದರಲ್ಲಿ ಕೆಲಸ. ನೋಂದಣಿ ಮತ್ತು ನವೀಕರಣಕ್ಕೆಂದು ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಫೋಟೊ, ಸಹಿ, ಮನೆ ವಿಳಾಸ, ಮೊಬೈಲ್ ಸಂಖ್ಯೆ ಎಲ್ಲವನ್ನೂ ಕೊಟ್ಟಿದ್ದೇನೆ. ಅರ್ಜಿ ತುಂಬಿಸಿದ್ದು ನಮ್ಮೂರಿನ ಕಂಪ್ಯೂಟರ್ ಸೆಂಟರಿನಲ್ಲಿ. ಇತ್ತೀಚೆಗೆ ಗುರುತಿಲ್ಲದವರು ಕರೆ ಮಾಡಿ, ‘ಸರ್ಟಿಫಿಕೇಟ್ ಕೊಡಿ ಮೇಡಂ, ನೀವು ಅಂಗಡಿಗೆ ಬರುವುದೇ ಬೇಡ, ತಿಂಗಳು ತಿಂಗಳು ದುಡ್ಡು ಹಾಕುತ್ತೇವೆ’ ಎನ್ನುತ್ತಾರೆ. ಒಬ್ಬನಂತೂ ನನ್ನ ನೋಂದಣಿ ಸಂಖ್ಯೆ, ಅಪ್ಪನ ಹೆಸರು, ನಮ್ಮ ಮನೆಯಿರುವ ಕ್ಯಾಂಪಿನ ಹೆಸರು ಎಲ್ಲವನ್ನೂ ಒಪ್ಪಿಸಿದ. ಮಾನ್ವಿ ಕಡೆಯ ಯಾವುದೋ ಅಂಗಡಿಯ ಲೈಸೆನ್ಸಿನಲ್ಲಿ ನನ್ನ ಹೆಸರಿದೆ ಎಂದು ಪರಿಚಯದವರೊಬ್ಬರು ಹೇಳಿದರು. ನಾನು ಅಲ್ಲಿಗೆ ಕಾಲಿಟ್ಟವಳೇ ಅಲ್ಲ. ಕೌನ್ಸಿಲ್ ನನ್ನ ಮಾಹಿತಿಯನ್ನು ಹೊರಗೆ ಕೊಡಬಹುದೇ? ಅಳಿಸಿ ಎಂದು ನಾನು ಕೇಳಬಹುದೇ? ಹೊಸದಾಗಿ ಬಂದಿರುವ ಡೇಟಾ ಕಾನೂನಿನಿಂದ ನನಗೇನಾದರೂ ಉಪಯೋಗವಿದೆಯೇ?

ಉತ್ತರ: ನಿಮಗೆ ರುಚಿಸದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೋಂದಣಿ ಇಟ್ಟುಕೊಂಡೇ ಹೆಸರನ್ನೂ ವಿಳಾಸವನ್ನೂ ಅಳಿಸಿ ಎಂದು ಕೇಳಲು ಬರುವುದಿಲ್ಲ. 1948ರ ಫಾರ್ಮಸಿ ಕಾಯ್ದೆಯ 29ನೇ ಕಲಮು ನೋಂದಣಿ ಪುಸ್ತಕದಲ್ಲಿ ಏನೇನು ಇರಬೇಕೆಂದು ಪಟ್ಟಿ ಮಾಡಿದೆ: ಪೂರ್ಣ ಹೆಸರು, ವಾಸದ ವಿಳಾಸ, ಮೊದಲು ನೋಂದಣಿಯಾದ ದಿನ, ವಿದ್ಯಾರ್ಹತೆ, ವೃತ್ತಿ ನಡೆಸುವ ವಿಳಾಸ, ಇನ್ನೊಬ್ಬರ ಕೈಕೆಳಗೆ ದುಡಿಯುತ್ತಿದ್ದರೆ ಆ ಮಾಲೀಕರ ಹೆಸರು. ಅಷ್ಟಕ್ಕೇ ಮುಗಿಯಲಿಲ್ಲ. 40ನೇ ಕಲಮಿನ ಪ್ರಕಾರ ಪ್ರತಿ ವರ್ಷ ಏಪ್ರಿಲ್ 1ರಂದು ಇದ್ದಂತೆ ಆ ಪುಸ್ತಕವನ್ನು ರಿಜಿಸ್ಟ್ರಾರ್ ಮುದ್ರಿಸಬೇಕು. ನಿಗದಿತ ಶುಲ್ಕ ಕಟ್ಟಿ ಕೇಳಿದವರಿಗೆ ಪ್ರತಿ ಕೊಡಬೇಕು. ಕೇಳುವವರು ಯಾರು, ಏಕೆ ಕೇಳುತ್ತಾರೆ ಎಂಬ ಷರತ್ತನ್ನು ಕಾಯ್ದೆ ಹಾಕಿಲ್ಲ. ಅಂದರೆ ನಿಮ್ಮ ಕ್ಯಾಂಪಿನ ಹೆಸರನ್ನು ಹೇಳಿದ ಆಸಾಮಿ ಕಳ್ಳದಾರಿಯಲ್ಲೇ ಬಂದಿರಬೇಕೆಂದೇನೂ ಇಲ್ಲ. ರಾಜಮಾರ್ಗವನ್ನು ಕಾನೂನೇ ಹಾಕಿಕೊಟ್ಟಿದೆ.

ಇದು ನಿಮ್ಮೊಬ್ಬರ ಪಾಡಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 31ನೇ ಕಲಮು ವೈದ್ಯರ ಹೆಸರು, ವಿಳಾಸ, ವಿದ್ಯಾರ್ಹತೆಗಳ ರಾಷ್ಟ್ರೀಯ ಪಟ್ಟಿಯನ್ನು ಜಾಲತಾಣದಲ್ಲೇ ಇಡಬೇಕೆನ್ನುತ್ತದೆ. ವಕೀಲರಿಗೂ ಪರಿಷತ್ತಿನ ಪಟ್ಟಿಯಿದೆ. ನನ್ನ ಹೆಸರೂ ಅಂಥದ್ದೊಂದು ಪಟ್ಟಿಯಲ್ಲಿದೆ. ಇದರ ಹಿಂದಿನ ತರ್ಕ ಸರಿಯಾದದ್ದೇ. ಮಾತ್ರೆ ಎಣಿಸಿ ಕೊಡುವ ಕೈ ಓದಿದ ಕೈಯೇ ಎಂದು ನೋಡುವ ಹಕ್ಕು ಕೊಳ್ಳುವವನಿಗಿರಬೇಕು. ದೇವದುರ್ಗದ ಸಂತೆಗೆ ಬಂದ ರೈತನಿಗೂ ಆ ಹಕ್ಕಿದೆ.

ಆದರೆ ಹೆಸರು, ಸಂಖ್ಯೆ, ವಿದ್ಯಾರ್ಹತೆ, ಕೆಲಸದ ಜಾಗ ಇಷ್ಟಿದ್ದರೆ ಆ ಹಕ್ಕಿಗೆ ಸಾಕು. ವಾಸದ ವಿಳಾಸ ಏಕೆ? 1948ರಲ್ಲಿ ಒಬ್ಬರನ್ನು ತಲುಪಲು ಅಂಚೆಯೊಂದೇ ದಾರಿಯಾಗಿತ್ತು, ಇಡೀ ರಾಜ್ಯದ ಪಟ್ಟಿ ಒಂದು ದಪ್ಪ ಪುಸ್ತಕವಾಗಿ ಕಚೇರಿಯಲ್ಲಿ ಧೂಳು ತಿನ್ನುತ್ತಿತ್ತು. ಈಗ ಅದೇ ಪಟ್ಟಿ ಒಂದು ಫೈಲಾಗಿ ಅರೆ ನಿಮಿಷದಲ್ಲಿ ನೂರು ಮೊಬೈಲುಗಳಿಗೆ ಹೋಗುತ್ತದೆ. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದು ರಾತ್ರಿ ಪಾಳಿ ಮಾಡುವ ಹೆಣ್ಣುಮಗಳ ವಾಸದ ವಿಳಾಸವನ್ನು ಶುಲ್ಕ ಕಟ್ಟಿದವರಿಗೆಲ್ಲ ಕೊಡಬೇಕೆನ್ನುವ ಕಲಮು ತಿದ್ದುಪಡಿಗೆ ಯಾವಾಗಲೋ ಬಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ತಿದ್ದುಪಡಿಯಾಗುವವರೆಗೆ ಕಲಮು ಕಲಮೇ.

ಇಲ್ಲಿಯವರೆಗೆ ಹೇಳಿದ್ದು ಪುಸ್ತಕದ ಮಾತು. ಕೌನ್ಸಿಲ್ ಬಳಿ ನಿಮ್ಮ ಹೆಸರಿನಲ್ಲಿ ಇನ್ನೊಂದು ವಸ್ತುವಿದೆ, ಅದು ಕಡತ. ಆಧಾರ್ ಪ್ರತಿ, ಅಂಕಪಟ್ಟಿ, ಸಹಿಯ ಮಾದರಿ, ಮೊಬೈಲ್ ಸಂಖ್ಯೆ, ಇಮೇಲ್, ಶುಲ್ಕ ಕಟ್ಟಿದ ವಿವರ ಎಲ್ಲವೂ ಇರುವುದು ಅದರಲ್ಲಿ. ನೀವು ಹೇಳಿಕೊಂಡಷ್ಟು ವಿದ್ಯಾರ್ಹತೆ ನಿಮಗಿದೆಯೇ, ನೀವು ನೀವೇ ಹೌದೇ ಎಂದು ರಿಜಿಸ್ಟ್ರಾರ್ ಖಾತ್ರಿ ಮಾಡಿಕೊಳ್ಳಲು ಕೊಟ್ಟ ಕಾಗದಗಳು ಅವು. ಊರಿಗೆ ಹಂಚಲು ಕೊಟ್ಟದ್ದಲ್ಲ. ಪುಸ್ತಕ ಸಾರ್ವಜನಿಕ, ಕಡತ ಖಾಸಗಿ. ನಿಮ್ಮ ಇಡೀ ಹೋರಾಟ ಕಡತದ ಬಗ್ಗೆ ಇರಬೇಕೇ ಹೊರತು ಪುಸ್ತಕದ ಬಗ್ಗೆ ಅಲ್ಲ. ಎರಡನ್ನೂ ಬೆರೆಸಿ ‘ನನ್ನ ಮಾಹಿತಿಯನ್ನೆಲ್ಲ ಅಳಿಸಿ’ ಎಂದು ಅರ್ಜಿ ಬರೆದರೆ, 29ನೇ ಕಲಮು ತೋರಿಸಿ ಎರಡು ಸಾಲಿನ ಹಿಂಬರಹ ಕೊಟ್ಟು ಕಡತ ಮುಚ್ಚುತ್ತಾರೆ.

ಹಾಗಾದರೆ ನಿಮ್ಮ ಮೊಬೈಲ್ ಸಂಖ್ಯೆ ಹೊರಗೆ ಹೋದದ್ದು ಹೇಗೆ? ನಾನು ಮೇಲೆ ಹೇಳಿದ ಪಟ್ಟಿಯಲ್ಲಿ ಮೊಬೈಲ್ ಇಲ್ಲ, ಅಪ್ಪನ ಹೆಸರೂ ಇಲ್ಲ. ಕಾಯ್ದೆಯ ಪಟ್ಟಿಗೆ ನಿಯಮಗಳ ಮೂಲಕ ಇನ್ನಷ್ಟು ವಿವರ ಸೇರಿಸಲು ಅವಕಾಶವಿದೆ, ನಿಜ. ಆದರೂ ಮೊಬೈಲ್ ಸಂಖ್ಯೆ ಬೇರೆ ದಾರಿಯಲ್ಲೇ ಹೋಗಿರಬೇಕೆಂದು ನನ್ನ ಗುಮಾನಿ. ಕೌನ್ಸಿಲ್ ಕಚೇರಿಯಿಂದಲೇ ಸೋರಿರಬಹುದು, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಬೆಂಗಳೂರಿನ ಕಚೇರಿಗಿಂತ ಮೊದಲು ನೋಡಬೇಕಾದ ಜಾಗಗಳು ಬೇರೆ ಇವೆ.

ಮೊದಲನೆಯದು ನೀವೇ ಹೇಳಿದ ಕಂಪ್ಯೂಟರ್ ಸೆಂಟರ್. ಅಲ್ಲಿ ನಡೆಯುವುದೇನು ನೆನಪಿಸಿಕೊಳ್ಳಿ. ಅಂಕಪಟ್ಟಿ, ಆಧಾರ್ ಎಲ್ಲವನ್ನೂ ಅವರ ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳಿಸುತ್ತೀರಿ. ಅವರು ಕಂಪ್ಯೂಟರಿಗೆ ಇಳಿಸಿಕೊಂಡು ಅರ್ಜಿಗೆ ಸೇರಿಸುತ್ತಾರೆ. ಕೆಲಸ ಮುಗಿದ ಮೇಲೆ ನೀವು ದುಡ್ಡು ಕೊಟ್ಟು ಎದ್ದು ಬರುತ್ತೀರಿ, ಆಧಾರ್ ಅಲ್ಲೇ ಉಳಿಯುತ್ತದೆ. ನಿಮ್ಮ ನಂತರ ಪಿಂಚಣಿ ಅರ್ಜಿಗೆ ಬಂದವರು, ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕೆ ಬಂದವರು ಕೂರುವುದು ಅದೇ ಪರದೆಯ ಮುಂದೆ. ಇದಕ್ಕಿಂತ ಕೆಟ್ಟ ಚಾಳಿ ಇನ್ನೊಂದಿದೆ. ಒಟಿಪಿಗಾಗಿ ಮತ್ತೆ ಮತ್ತೆ ನಿಮ್ಮನ್ನು ಕೇಳುವ ತಾಪತ್ರಯ ಬೇಡವೆಂದು ಸೆಂಟರಿನವರು ತಮ್ಮದೇ ಇಮೇಲ್, ಕೆಲವೊಮ್ಮೆ ತಮ್ಮದೇ ಮೊಬೈಲ್ ಸಂಖ್ಯೆ ಹಾಕಿ ಖಾತೆ ತೆರೆಯುತ್ತಾರೆ. ಹಾಗಾಗಿದ್ದರೆ ಕೌನ್ಸಿಲ್‌ನ ದಾಖಲೆಯಲ್ಲಿ ನಿಮ್ಮ ಖಾತೆಯ ಯಜಮಾನ ಅವನೇ. ಪಾಸ್‌ವರ್ಡ್ ಬದಲಾಯಿಸುವ ಅಧಿಕಾರವೂ ಅವನದೇ. ಬೇರೆ ಏನು ಮಾಡುವ ಮೊದಲೂ ಇದನ್ನು ಪರೀಕ್ಷಿಸಿ.

ಎರಡನೆಯದು ಅಂಗಡಿ. ಫಾರ್ಮಾಸಿಸ್ಟ್ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕುವುದು ನಮ್ಮಲ್ಲಿ ರೂಢಿ. ಒಳ್ಳೆಯದೇ, ಅದು ಗಿರಾಕಿಗೆ ಭರವಸೆ. ಆದರೆ ಔಷಧ ಕಂಪನಿಯ ಪ್ರತಿನಿಧಿಯೋ ಲೈಸೆನ್ಸ್ ಕಡತ ತಯಾರಿಸಿಕೊಡುವ ಏಜೆಂಟನೋ ಅದನ್ನು ಒಂದು ಫೋಟೊ ತೆಗೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಹಿಂದೆ ಬೇರೆ ಅಂಗಡಿಯಲ್ಲಿ ಕೆಲಸ ಮಾಡಿದ್ದರೆ ಆ ಮಾಲೀಕರ ಕಪಾಟಿನಲ್ಲಿ ನಿಮ್ಮ ಆಧಾರ್, ಪ್ರಮಾಣಪತ್ರ, ಕೆಲಸಕ್ಕೆ ಒಪ್ಪಿದ ಪತ್ರ ಮೂರೂ ಸಹಿಯೊಂದಿಗೆ ಇರುತ್ತವೆ. ಸರ್ಟಿಫಿಕೇಟ್ ಬಾಡಿಗೆಯ ದಂಧೆ ನಡೆಯುವುದೇ ಇಂಥ ಕಟ್ಟುಗಳ ಮೇಲೆ.

ಮೂರನೆಯದನ್ನು ಯಾರೂ ನೆನೆಯುವುದಿಲ್ಲ: ಚುನಾವಣೆ. ಕಾಯ್ದೆಯ 19ನೇ ಕಲಮಿನಂತೆ ರಾಜ್ಯ ಕೌನ್ಸಿಲ್‌ಗೆ ಆರು ಸದಸ್ಯರನ್ನು ನೋಂದಾಯಿತ ಫಾರ್ಮಾಸಿಸ್ಟ್‌ಗಳೇ ತಮ್ಮೊಳಗಿಂದ ಆರಿಸಬೇಕು. ಸ್ಪರ್ಧಿಸುವವರಿಗೆ ಮತದಾರರನ್ನು ತಲುಪಬೇಕು, ತಲುಪಲು ಪಟ್ಟಿ ಬೇಕು. ಕೈಯಲ್ಲಿರುವ ಪಟ್ಟಿಗೆ ಬೆಂಬಲಿಗರು ಮೊಬೈಲ್ ಸಂಖ್ಯೆಗಳನ್ನು ಜೋಡಿಸುತ್ತ ಹೋಗುತ್ತಾರೆ. ಚುನಾವಣೆ ಮುಗಿದ ಮೇಲೆ ಪಟ್ಟಿ ಮಾತ್ರ ಅಳಿಯುವುದಿಲ್ಲ.

ಈಗ ಹೊಸ ಕಾನೂನಿಗೆ ಬರೋಣ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಬರಲು ಎರಡು ವರ್ಷ ದಾಟಿ 2025ರ ನವೆಂಬರ್ ಆಯಿತು. ಅಧಿಸೂಚನೆಯ ಪ್ರಕಾರ ದತ್ತಾಂಶ ಸಂರಕ್ಷಣಾ ಮಂಡಳಿಯ ರಚನೆಯ ಕಲಮುಗಳು ಆಗಲೇ ಜಾರಿಗೆ ಬಂದವು. ನಿಮ್ಮ ಹಕ್ಕುಗಳು, ಸಂಸ್ಥೆಗಳ ಹೊಣೆ, ದಂಡ ಇವೆಲ್ಲಕ್ಕೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. ‘ಕೇಸು ಹಾಕಿದರೆ 250 ಕೋಟಿ ದಂಡ’ ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಗೆ ಈ ಗಡುವಿನ ಪರಿವೆಯೇ ಇಲ್ಲ. ಇನ್ನೊಂದು ಮಾತು, ಆ ದಂಡ ಸೇರುವುದು ಸರ್ಕಾರದ ಬೊಕ್ಕಸಕ್ಕೆ. ನಿಮ್ಮ ಕೈಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ.

ಗಡುವು ಬಂದ ಮೇಲೂ ಕೌನ್ಸಿಲ್‌ನಂಥ ನಿಯಂತ್ರಣ ಸಂಸ್ಥೆಗೆ ಈ ಕಾಯ್ದೆ ಬ್ಯಾಂಕಿಗೋ ಆನ್‌ಲೈನ್ ಅಂಗಡಿಗೋ ಅನ್ವಯಿಸಿದಂತೆ ಅನ್ವಯಿಸುವುದಿಲ್ಲ. ಮೂರು ಕಾರಣ. ಕಾನೂನಿನ ಆದೇಶದಂತೆ ಸಾರ್ವಜನಿಕವಾಗಿಸಿದ ಮಾಹಿತಿಗೆ ಕಾಯ್ದೆಯೇ ಅನ್ವಯಿಸದು ಎಂದು 3ನೇ ಕಲಮು ಹೇಳುತ್ತದೆ. ಮುದ್ರಿತ ಪುಸ್ತಕ ಅಲ್ಲಿಗೆ ಹೊರಗಾಯಿತು. ಪ್ರಮಾಣಪತ್ರ, ಪರವಾನಗಿ ಕೊಡಲು, ಕಾನೂನು ವಹಿಸಿದ ಕರ್ತವ್ಯ ಮಾಡಲು ಸರ್ಕಾರ ಮತ್ತು ಅದರ ಅಂಗಸಂಸ್ಥೆಗಳು ನಿಮ್ಮ ಸಮ್ಮತಿ ಕೇಳಬೇಕಿಲ್ಲ ಎನ್ನುತ್ತದೆ 7ನೇ ಕಲಮು. ಮೂರನೆಯದೇ ದೊಡ್ಡದು: 17ನೇ ಕಲಮಿನ ಒಂದನೇ ಉಪಕಲಮು. ನ್ಯಾಯಿಕ, ಅರೆನ್ಯಾಯಿಕ, ನಿಯಂತ್ರಣ ಅಥವಾ ಮೇಲ್ವಿಚಾರಣೆಯ ಕೆಲಸವನ್ನು ಕಾನೂನು ವಹಿಸಿಕೊಟ್ಟಿರುವ ಸಂಸ್ಥೆ ಆ ಕೆಲಸಕ್ಕೆ ಅಗತ್ಯವಿರುವಷ್ಟು ಮಾಹಿತಿ ಬಳಸಿದರೆ, ಸಮ್ಮತಿಯ ನಿಯಮವೂ ಅನ್ವಯಿಸದು, ‘ನೋಡಬೇಕು, ತಿದ್ದಬೇಕು, ಅಳಿಸಬೇಕು’ ಎಂಬ ನಿಮ್ಮ ಹಕ್ಕುಗಳೂ ಅನ್ವಯಿಸವು.

ಇಷ್ಟು ಓದಿ ಬಹುತೇಕರು ಕೈಚೆಲ್ಲುತ್ತಾರೆ. ಆದರೆ ಅದೇ ಉಪಕಲಮಿನ ಆರಂಭದ ಸಾಲನ್ನು ಬಿಡಿಸಿ ಓದಿ. ವಿನಾಯಿತಿ ಕೊಡುವಾಗ ಸಂಸತ್ತು ಎರಡು ಹೊಣೆಗಳನ್ನು ಹೆಸರಿಟ್ಟು ಹೊರಗಿಟ್ಟಿದೆ, 8ನೇ ಕಲಮಿನ ಒಂದನೇ ಮತ್ತು ಐದನೇ ಉಪಕಲಮುಗಳು. ಒಂದನೆಯದರ ಪ್ರಕಾರ, ಮಾಹಿತಿ ನಿರ್ವಹಿಸುವ ಕೆಲಸವನ್ನು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರೂ ಹೊಣೆ ಮೂಲ ಸಂಸ್ಥೆಯದೇ. ‘ಪೋರ್ಟಲ್ ಮಾಡಿದವರು ಬೇರೆಯವರು, ಅವರನ್ನೇ ಕೇಳಿ’ ಎಂಬ ಉತ್ತರ ನಡೆಯುವುದಿಲ್ಲ. ಐದನೆಯದರ ಪ್ರಕಾರ, ಮಾಹಿತಿ ಸೋರದಂತೆ ತಕ್ಕ ಭದ್ರತೆ ಇರಲೇಬೇಕು. ಇದನ್ನು ಮುರಿದರೆ 250 ಕೋಟಿ ರೂಪಾಯಿವರೆಗೆ ದಂಡ. ಅನುಮತಿ ಕೇಳದಿರುವ ಸ್ವಾತಂತ್ರ್ಯ ಕೌನ್ಸಿಲ್‌ಗೆ ಇದೆ, ಬೀಗ ಹಾಕದಿರುವ ಸ್ವಾತಂತ್ರ್ಯ ಇಲ್ಲ. ನಿಮ್ಮ ಪ್ರಶ್ನೆಗೆ ಕಾನೂನಿನಲ್ಲಿರುವ ಅತ್ಯಂತ ಗಟ್ಟಿಯಾದ ಉತ್ತರ ಇದೇ.

ಬೀಗವೆಂದರೆ ಏನೆಂದು ನಿಯಮಗಳು ಬಿಡಿಸಿ ಹೇಳಿವೆ. ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವುದು ಅಥವಾ ಅಂಕಿಗಳನ್ನು ಮರೆಮಾಡುವುದು. ಯಾವ ಸಿಬ್ಬಂದಿಗೆ ಎಷ್ಟು ತೆರೆದು ನೋಡಲು ಬಿಡಬೇಕೆಂದು ಕಟ್ಟುಹಾಕುವುದು. ಯಾರು ಯಾವಾಗ ತೆರೆದರು ಎಂಬ ದಾಖಲೆಯನ್ನು ಕನಿಷ್ಠ ಒಂದು ವರ್ಷ ಉಳಿಸುವುದು. ಗುತ್ತಿಗೆದಾರರ ಒಪ್ಪಂದದಲ್ಲೂ ಇವನ್ನೆಲ್ಲ ಬರೆಸುವುದು. ನನ್ನ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದದ್ದು ತೆರೆದು ನೋಡಿದವರ ದಾಖಲೆ. ಸಣ್ಣ ಕಚೇರಿಗಳಲ್ಲಿ ಮಾಹಿತಿ ಸೋರುವುದು ದೂರದೇಶದ ಹ್ಯಾಕರಿನಿಂದಲ್ಲ. ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಬಳಸುವುದರಿಂದ, ತಾತ್ಕಾಲಿಕ ಆಪರೇಟರ್ ಕೆಲಸ ಬಿಟ್ಟ ಮೇಲೂ ಅವನ ಲಾಗಿನ್ ಜೀವಂತ ಇರುವುದರಿಂದ. ದಾಖಲೆ ಇದ್ದಲ್ಲಿ ಹೆದರಿಕೆ ಇರುತ್ತದೆ.

17ನೇ ಕಲಮಿನ ಕೊಡೆಯೂ ಎಲ್ಲ ಕೆಲಸಕ್ಕೂ ಅಗಲವಾಗುವುದಿಲ್ಲ. ನೋಂದಣಿ, ನವೀಕರಣ, ಶಿಸ್ತು ವಿಚಾರಣೆ ಇವು ನಿಯಂತ್ರಣದ ಕೆಲಸ. ಸದಸ್ಯರ ಮೊಬೈಲ್ ಪಟ್ಟಿಯನ್ನು ವಿಮಾ ಕಂಪನಿಗೆ, ಸಮ್ಮೇಳನದ ಪ್ರಾಯೋಜಕರಿಗೆ ಕೊಡುವುದು ಯಾವ ನಿಯಂತ್ರಣ? ಅದಕ್ಕೆ ನಿಮ್ಮ ಸಮ್ಮತಿ ಬೇಕು. ಸಮ್ಮತಿ ಕೇಳುವ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಓದುವ ಆಯ್ಕೆಯೂ ಇರಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಕಾಯ್ದೆ ಆ ಸ್ಥಾನ ಕೊಟ್ಟಿದೆ.

2027ರ ಮೇವರೆಗೆ ನೀವೇನು ಅನಾಥರೇ? ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟರು. ಆ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೌನ್ಸಿಲ್ ಕಾನೂನಿನಿಂದಲೇ ಹುಟ್ಟಿದ ಸಂಸ್ಥೆಯಾದ್ದರಿಂದ ಆ ಹಕ್ಕನ್ನು ಅದರ ಎದುರೂ ಹಿಡಿದು ನಿಲ್ಲಬಹುದು, ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ಆಧಾರ್ ಕಾಯ್ದೆಯ 29ನೇ ಕಲಮು ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ನಿಷೇಧಿಸಿದೆ. ಯಾವುದೇ ಕಚೇರಿಯ ಆಯ್ಕೆಪಟ್ಟಿಯಲ್ಲಿ, ಸೂಚನಾಫಲಕದಲ್ಲಿ ನಿಮ್ಮ ಹನ್ನೆರಡು ಅಂಕಿ ಕಂಡರೆ ಅದು ಇಂದೇ ಉಲ್ಲಂಘನೆ. ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಎಲ್ಲ ಸಂಸ್ಥೆಗಳು ಸೈಬರ್ ದಾಳಿ, ಮಾಹಿತಿ ಸೋರಿಕೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ ಆದೇಶ 2022ರ ಏಪ್ರಿಲ್‌ನಿಂದಲೇ ಇದೆ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ ಯಾರಾದರೂ ನಿಮ್ಮ ಕಡತ ಕೇಳಿದರೆ? ಕೌನ್ಸಿಲ್ ಸಾರ್ವಜನಿಕ ಪ್ರಾಧಿಕಾರ, ಅರ್ಜಿ ತೆಗೆದುಕೊಳ್ಳಲೇಬೇಕು. ಆದರೆ ಮೂರನೆಯವರ ಗೋಪ್ಯ ಮಾಹಿತಿ ಕೊಡುವ ಯೋಚನೆಯಿದ್ದರೆ ಮಾಹಿತಿ ಹಕ್ಕು ಕಾಯ್ದೆಯ 11ನೇ ಕಲಮಿನಂತೆ ಐದು ದಿನದೊಳಗೆ ನಿಮಗೆ ನೋಟಿಸ್ ಕಳಿಸಬೇಕು, ಆಕ್ಷೇಪಣೆಗೆ ಹತ್ತು ದಿನ ಕೊಡಬೇಕು. ಕಚೇರಿಗಳು ಅನುಕೂಲಕ್ಕೆ ತಕ್ಕಂತೆ ಮರೆಯುವ ಹೆಜ್ಜೆ ಇದು. 2025ರ ನವೆಂಬರ್‌ನಿಂದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕೂಡ ಬದಲಾಗಿದೆ. ವೈಯಕ್ತಿಕ ಮಾಹಿತಿ ಎಂದಾದರೆ ಸಾಕು, ಈಗ ನಿರಾಕರಿಸಬಹುದು. ನಿಮಗೆ ಇದು ಲಾಭವೆಂದು ತೋರೀತು. ನನಗೆ ಅಳುಕಿದೆ. ನಕಲಿ ಅಂಕಪಟ್ಟಿ ಕೊಟ್ಟು ನೋಂದಣಿಯಾದವನ ಕಡತ ಕೇಳಿದಾಗಲೂ ಅದೇ ಸಾಲನ್ನು ಮುಂದೆ ಹಿಡಿಯುವ ಅಧಿಕಾರಿಗಳು ಇರುತ್ತಾರೆ. ಸಾರ್ವಜನಿಕ ಹಿತ ದೊಡ್ಡದಾದಾಗ ಕೊಡಬಹುದು ಎನ್ನುವ 8(2) ಇನ್ನೂ ಉಳಿದಿರುವುದೊಂದೇ ಸಮಾಧಾನ.

ಈಗ ಮಾನ್ವಿಯ ಅಂಗಡಿ. ನಿಮ್ಮ ಪತ್ರದಲ್ಲಿ ನಿಜವಾಗಿ ತುರ್ತಿನ ಸಂಗತಿ ಇದೊಂದೇ. ಕರೆಗಳು ಕಿರಿಕಿರಿ, ಇದು ಅಪಾಯ. ಆ ಅಂಗಡಿಯಲ್ಲಿ ತಪ್ಪು ಔಷಧ ಹೋಗಿ ಯಾರಿಗಾದರೂ ತೊಂದರೆಯಾದರೆ, ನಿದ್ರೆ ಮಾತ್ರೆ ಲೆಕ್ಕವಿಲ್ಲದೆ ಮಾರಾಟವಾದರೆ, ಕಾಗದದ ಮೇಲೆ ಮೇಲ್ವಿಚಾರಕರು ನೀವೇ. ಔಷಧ ಪರಿವೀಕ್ಷಕರು ಬಂದು ಮೊದಲು ಕೇಳುವುದು ನಿಮ್ಮ ಹೆಸರನ್ನೇ.

ಬಾಯಿಮಾತನ್ನು ನಂಬಿ ದೂರು ಕೊಡಬೇಡಿ, ಮೊದಲು ಕಾಗದ ಕೈಗೆ ಬರಲಿ. ರಾಯಚೂರು ಜಿಲ್ಲೆಗೆ ಸಂಬಂಧಪಟ್ಟ ಔಷಧ ನಿಯಂತ್ರಣ ಕಚೇರಿಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಬರೆಯಿರಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು; ಅದಕ್ಕೇ ನಿಮ್ಮ ಸಂಕಟವನ್ನೆಲ್ಲ ಅದರಲ್ಲಿ ತೋಡಿಕೊಳ್ಳಬೇಡಿ. ‘ನನ್ನ ನೋಂದಣಿ ಸಂಖ್ಯೆಯನ್ನು ಫಾರ್ಮಾಸಿಸ್ಟ್ ಎಂದು ತೋರಿಸಿರುವ ಎಲ್ಲ ಮಾರಾಟ ಪರವಾನಗಿಗಳ ವಿವರ ಮತ್ತು ನನ್ನ ಹೆಸರಿನಲ್ಲಿ ಸಲ್ಲಿಕೆಯಾದ ಒಪ್ಪಿಗೆ ಪತ್ರದ ದೃಢೀಕೃತ ನಕಲು ಕೊಡಿ’ ಎಂದು ಕೇಳಿದರೆ ಆಯಿತು. ನೀವು ಕೇಳುತ್ತಿರುವುದು ನಿಮ್ಮದೇ ಮಾಹಿತಿ ಎಂದು ಒಂದು ಸಾಲು ಸೇರಿಸಿ, ಗುರುತಿಗೆ ಕೌನ್ಸಿಲ್ ಪ್ರಮಾಣಪತ್ರದ ನಕಲು ಲಗತ್ತಿಸಿ. ಉತ್ತರಕ್ಕೆ 30 ದಿನ. ಕೊಪ್ಪಳ, ಬಳ್ಳಾರಿಗೂ ಒಂದೊಂದು ಅರ್ಜಿ ಹಾಕಿಬಿಡುವುದು ಒಳ್ಳೆಯದು. ಒಂದು ಕಡೆ ಬಳಸಿದವನು ಇನ್ನೊಂದು ಕಡೆ ಬಿಟ್ಟಿರುತ್ತಾನೆಂಬ ನಂಬಿಕೆ ಬೇಡ.

ಒಪ್ಪಿಗೆ ಪತ್ರದ ನಕಲು ಬಂದಾಗ ಸಹಿಯನ್ನು ನೋಡಿ. ನಿಮ್ಮದಲ್ಲದಿದ್ದರೆ ಅದು ಫೋರ್ಜರಿ, ಭಾರತೀಯ ನ್ಯಾಯ ಸಂಹಿತೆಯ 336ನೇ ಕಲಮು. ನಿಮ್ಮ ಹೆಸರಿನಲ್ಲಿ ಇನ್ನೊಬ್ಬರು ಕುಳಿತಿದ್ದರೆ 319. ಅದು ಖೋಟಾ ಎಂದು ಗೊತ್ತಿದ್ದೂ ಅಸಲಿಯಂತೆ ಬಳಸಿದ ಮಾಲೀಕನಿಗೆ 340. ನಿಮ್ಮ ಪೋರ್ಟಲ್ ಪಾಸ್‌ವರ್ಡ್ ಬಳಸಿ ಮಾಡಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕೂಡ ಸೇರುತ್ತದೆ. ದೂರನ್ನು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ಕೊಡಬಹುದು. ಗಂಗಾವತಿಯಲ್ಲಿದ್ದೇ ಕೊಡುತ್ತೇನೆ ಎಂದರೂ, ಘಟನೆ ಬೇರೆ ಜಿಲ್ಲೆಯದು ಎಂದು ಠಾಣೆ ವಾಪಸು ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಲು ಅವಕಾಶ ಮಾಡಿದೆ.

ಅದೇ ಹೊತ್ತಿಗೆ ಔಷಧ ನಿಯಂತ್ರಣ ಕಚೇರಿಗೂ ಕೌನ್ಸಿಲ್ ರಿಜಿಸ್ಟ್ರಾರ್‌ಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹೋಗಲಿ: ನಾನು ಕೆಲಸ ಮಾಡುತ್ತಿರುವುದು ಈ ಒಂದೇ ಅಂಗಡಿಯಲ್ಲಿ, ಬೇರೆಲ್ಲಿ ನನ್ನ ಹೆಸರಿದ್ದರೂ ಅದು ನನ್ನ ಒಪ್ಪಿಗೆಯಿಲ್ಲದ್ದು ಎಂದು. ಫಾರ್ಮಾಸಿಸ್ಟ್ ಬದಲಾದರೆ ಪರವಾನಗಿದಾರನು ಇಲಾಖೆಗೆ ತಿಳಿಸಬೇಕೆಂಬ ಷರತ್ತು ಪರವಾನಗಿಯಲ್ಲೇ ಇದೆ. ಹಳೆಯ ಮಾಲೀಕರು ಅದನ್ನು ಮಾಡುವುದಿಲ್ಲ, ಮಾಡಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ಆದ್ದರಿಂದ ಇನ್ನು ಮುಂದೆ ಕೆಲಸ ಬಿಟ್ಟ ದಿನವೇ ರಾಜೀನಾಮೆಯ ಒಂದು ಪ್ರತಿಯನ್ನು ನೀವೇ ಇಲಾಖೆಗೆ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಈ ಸಾಲನ್ನು ಓದುವ ಎಲ್ಲ ಫಾರ್ಮಾಸಿಸ್ಟ್‌ಗಳಿಗೂ ಇದು ಅನ್ವಯ.

ಕೌನ್ಸಿಲ್‌ಗೆ ಬರೆಯುವ ಪತ್ರದಲ್ಲಿ ಇನ್ನೆರಡು ಬೇಡಿಕೆ ಸೇರಿಸಿ. ನನ್ನ ಖಾತೆಗೆ ಜೋಡಿಸಿರುವ ಮೊಬೈಲ್ ಮತ್ತು ಇಮೇಲ್ ಯಾವುದು ತಿಳಿಸಿ, ತಪ್ಪಿದ್ದರೆ ಬದಲಿಸಿ. ನನ್ನ ಆಧಾರ್ ಪ್ರತಿಯ ಜಾಗದಲ್ಲಿ ಮರೆಮಾಡಿದ ಆಧಾರ್ ಸ್ವೀಕರಿಸಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಈ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಝೆರಾಕ್ಸ್ ಹಂಚಬೇಡಿ, ಮರೆಮಾಡಿದ ಪ್ರತಿ ಕೊಡಿ ಎಂದು ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇನಲ್ಲಿ ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದರೆಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂಪಡೆಯಿತು. ಹಿಂಪಡೆದದ್ದು ಪ್ರಕಟಣೆಯನ್ನು, ಮರೆಮಾಡಿದ ಆಧಾರ್ ಸೌಲಭ್ಯ ಈಗಲೂ ಇದೆ.

ವಿಳಾಸದ ವಿಷಯದಲ್ಲಿ ಅಳಿಸಲಾಗದಿದ್ದರೂ ತಿದ್ದಿಸಬಹುದು, ತಿದ್ದಿಸಲೇಬೇಕು ಕೂಡ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೂ ಹೊಸಪೇಟೆಯ ಎಷ್ಟೋ ಜನರ ದಾಖಲೆಗಳಲ್ಲಿ ಬಳ್ಳಾರಿ ಜಿಲ್ಲೆ ಎಂದೇ ಉಳಿದಿದೆ. ಮದುವೆಯಾಗಿ ಊರು ಬದಲಿಸಿದ ಹೆಣ್ಣುಮಕ್ಕಳದ್ದು ಇನ್ನೂ ತವರಿನ ವಿಳಾಸ. ಕೌನ್ಸಿಲ್ ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿ ವಾಪಸಾದರೆ ನಷ್ಟ ನಿಮ್ಮದೇ.

ನೀವು ಕೌನ್ಸಿಲ್‌ಗೆ ದೂರು ಕೊಟ್ಟರೆ ಆ ದೂರೇ ಗುಟ್ಟಾಗಿ ಉಳಿಯುತ್ತದೆಯೇ ಎಂಬ ಅನುಮಾನ ನಿಮಗೆ ಬಂದಿರಬಹುದು. ಎದುರು ಪಕ್ಷದವರಿಂದ ಉಳಿಯುವುದಿಲ್ಲ. ಯಾರ ಹೆಸರನ್ನಾದರೂ ಪುಸ್ತಕದಿಂದ ತೆಗೆಯುವ ಮುನ್ನ ಅವರ ಮಾತು ಕೇಳಬೇಕೆಂದು ಫಾರ್ಮಸಿ ಕಾಯ್ದೆಯ 36ನೇ ಕಲಮು ಹೇಳುತ್ತದೆ. ಮಾತು ಕೇಳಬೇಕಾದರೆ ದೂರಿನ ಪ್ರತಿ ಕೊಡಬೇಕು. ಆದರೆ ಆ ಪ್ರತಿಯಲ್ಲಿ ನಿಮ್ಮ ಮೊಬೈಲ್, ಮನೆ ವಿಳಾಸ, ಆಧಾರ್ ಇರಬೇಕಾದ ಅಗತ್ಯವಿಲ್ಲ. ಅವನ್ನು ಬೇರೆ ಹಾಳೆಯಲ್ಲಿ ಬರೆದು ‘ಕಚೇರಿ ಉಪಯೋಗಕ್ಕೆ ಮಾತ್ರ’ ಎಂದು ಮೇಲೆ ಬರೆಯಿರಿ. ರೋಗಿಯ ಔಷಧ ಚೀಟಿಯನ್ನು ಪುರಾವೆಯಾಗಿ ಲಗತ್ತಿಸುವುದಾದರೆ ಹೆಸರಿನ ಮೇಲೆ ಕಾಗದ ಅಂಟಿಸಿ ನಕಲು ತೆಗೆಸಿ. ಕುಷ್ಟಗಿಯ ಯಾರೋ ಹೆಣ್ಣುಮಗಳು ಯಾವ ಕಾಯಿಲೆಗೆ ಏನು ತೆಗೆದುಕೊಂಡಳೆಂಬುದು ನಿಮ್ಮ ಜಗಳಕ್ಕೆ ಸಾಕ್ಷಿಯಾಗಬೇಕಿಲ್ಲ.

ಹೈಕೋರ್ಟಿನ ಮಾತು ಎತ್ತಿದ್ದೇನಾದ್ದರಿಂದ ಇದನ್ನೂ ಹೇಳುತ್ತೇನೆ: ರಾಯಚೂರು ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರಿದ್ದು, ಕೊಪ್ಪಳ ಧಾರವಾಡ ಪೀಠಕ್ಕೆ. ಸಿಂಧನೂರಿನಲ್ಲಿ ಮನೆ, ಗಂಗಾವತಿಯಲ್ಲಿ ಕೆಲಸ, ಕೌನ್ಸಿಲ್ ಬೆಂಗಳೂರಿನಲ್ಲಿ. ಆ ಹಂತಕ್ಕೆ ಹೋಗಬೇಕಾದರೆ ಎಲ್ಲಿ ಹಾಕುವುದೆಂದು ವಕೀಲರೊಂದಿಗೆ ಕೂತು ತೀರ್ಮಾನಿಸಿ. ಈಗಲೇ ಬೇಕಿಲ್ಲ.

ಕೊನೆಯದಾಗಿ ಒಂದನ್ನು ನೇರವಾಗಿ ಕೇಳುತ್ತೇನೆ, ಉತ್ತರವನ್ನು ನನಗೆ ಬರೆಯಬೇಡಿ. ಓದು ಮುಗಿದ ಹೊಸತರಲ್ಲಿ, ಸಂಬಂಧಿಕರ ಮಾತಿಗೋ ಮನೆಯ ಕಷ್ಟಕ್ಕೋ, ಎಲ್ಲಾದರೂ ಒಂದು ಖಾಲಿ ಹಾಳೆಗೆ ಸಹಿ ಹಾಕಿ ಪ್ರಮಾಣಪತ್ರದ ನಕಲಿನೊಂದಿಗೆ ಕೊಟ್ಟಿದ್ದೀರಾ? ಇಲ್ಲವಾದರೆ ಮೇಲಿನ ಎಲ್ಲವನ್ನೂ ನಾಳೆಯೇ ಆರಂಭಿಸಿ. ನೀವಾಗಿಯೇ ಮೊದಲು ಬರೆದು ಕೊಟ್ಟ ದೂರು ನಿಮ್ಮ ದೊಡ್ಡ ರಕ್ಷಣೆ. ಹೌದಾದರೆ ಠಾಣೆಗೆ ಹೋಗಿ ಫೋರ್ಜರಿ ಎಂದು ಬರೆಸಬೇಡಿ. ಸಹಿ ನಿಮ್ಮದೇ ಎಂದು ತನಿಖೆಯಲ್ಲಿ ಹೊರಬಿದ್ದರೆ ಸುಳ್ಳು ದೂರಿನ ಹೊರೆಯೂ ತಲೆಗೆ ಬರುತ್ತದೆ, ಕೌನ್ಸಿಲ್‌ನಲ್ಲಿ ನಿಮ್ಮ ನೋಂದಣಿಯ ಮೇಲೆಯೇ ವಿಚಾರಣೆ ಏಳಬಹುದು. ಮೊದಲು ಆ ಒಪ್ಪಿಗೆಯನ್ನು ಹಿಂಪಡೆದಿದ್ದೇನೆಂದು ಅಂಗಡಿಗೂ ಔಷಧ ನಿಯಂತ್ರಣ ಕಚೇರಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಕೈಗೆ ಬಂದ ಮೇಲೆ ಹತ್ತಿರದ ವಕೀಲರೊಬ್ಬರನ್ನು ಕಾಣಿ. ಹಣ ಕೊಡಲು ಕಷ್ಟವಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ.